ಕೆಂಪು ಸಮುದ್ರದ ಹವಳ

ಹವಳವೆಂದೊಡನೆ ನಮ್ಮ ಗೃಹಿಣಿಯರಿಗೆ ನೆನಪಾಗುವುದು ಕರಿಮಣಿಯ ನಡುವೆ ಪೋಣಿಸಿದ ಕೆಂಪು ಗುಂಡು. ನವರತ್ನಗಳಲ್ಲಿ ಎಣಿಕೆಯಾದ ಆ ಹವಳವು ಬಹುಕಾಲದಿಂದ ನಮ್ಮ ದೇಶಕ್ಕೆ ಮೆಡಿಟರೇನಿಯನ್ ಸಮುದ್ರದಿಂದ ಬಂದುದು. ಮಂದ ಬೆಳಕಿನ ತಣ್ಣೀರಿನಲ್ಲಿ ಬೆಳೆಯುವ ಜಾತಿ. ಇಲ್ಲಿ ಹೇಳಹೊರಟಿರುವುದು ಅದರ ದಾಯಾದಿಯ ವಿಚಾರ. ಇದು ಒಡವೆಗೆ ಒದಗುವಂತಹುದಲ್ಲ. ಆದರೆ ಇದು ಕಟ್ಟಿದ ದಿಬ್ಬಗಳು ಕೆಂಪು ಸಮುದ್ರದ ಎರಡು ದಡಗಳಲ್ಲಿಯೂ ನೂರಾರು ಮೈಲಿ ಹಬ್ಬಿರುವುವು. ಜಿದ್ದಾ ಪಟ್ಟಣದ ಹಳೆಯ ಮನೆಗಳ ಗೋಡೆಗಳು ಈ ಹವಳದ ಕಲ್ಲಿನವೇ. ಮುಂಬಯಿಯಲ್ಲಿ ಹಡಗೇರಿ ಹಜ್ ಯಾತ್ರೆಗೆ ಹೋದ ನಮ್ಮ ಹಿರಿಯರು ಇಳಿಯುತ್ತಿದ್ದುದು ಆ ರೇವಿನಲ್ಲಿ.

ಹವಳವು ಗಿಡವೆಂದೇ ಪಂಡಿತರು ಬಹುಕಾಲ ನಂಬಿದ್ದರು. ಅದು ಪ್ರಾಣಿಯೆಂದು ಮಾರ್ಸೇಲ್ಸಿನ ವೈದ್ಯನಾದ ಪೇಸೊನೆಲ್ಲನು ೧೭೨೦ರ ದಶಕದಲ್ಲಿ ಹೇಳಿದಾಗ ಕಿವಿಗೊಟ್ಟವರು ಕಡಮೆ. ಕೆಂಪು ಸಮುದ್ರದ ಜೀವಿಗಳನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನು ಪೀಟರ್ ಫೋರ್ಸ್‌ಕಾಲ್. ಡೆನ್ಮಾರ್ಕಿನ ದೊರೆಯು ೧೭೬೧ರಲ್ಲಿ ಅರೇಬಿಯಕ್ಕೆ ಕಳುಹಿಸಿದ ಆರು ಜನರ ತಂಡದಲ್ಲಿ ಅವನೊಬ್ಬ. ಎರಡೇ ವರ್ಷಗಳಲ್ಲಿ, ತನ್ನ ೩೧ನೆಯ ವಯಸ್ಸಿನಲ್ಲಿ, ಯೆಮನಿನಲ್ಲಿ ಮಲೇರಿಯಾ ಜ್ವರಕ್ಕೆ ತುತ್ತಾದನು. ಆರು ಜನರಲ್ಲಿ ಜೀವಸಹಿತ ಹಿಂದಿರುಗಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಅವನು ಮಡಿದ ಗೆಳೆಯನ ಬರಹಗಳನ್ನು ೧೭೭೫ರಲ್ಲಿ ಅಚ್ಚು ಹಾಕಿಸಿದನು. ಇಂತಹ ಸ್ನೇಹವೂ ಶಾಸ್ತ್ರದ ಚರಿತ್ರೆಗೆ ಸೇರಿದುದೇ ಅಲ್ಲವೆ?

ಹವಳದ ಹುಳುವು ಬರಿಯ ಹೊಟ್ಟೆ, ಬಾಯಿ, ಬಾಯ ಸುತ್ತ ಕೆಲವು ಎಳೆಗಳು. ಅದು ಸಮುದ್ರದ ನೀರಿನಿಂದ ಸುಣ್ಣವನ್ನು ತೆಗೆದು ತನ್ನ ಅಡಿಯಲ್ಲಿ ಕಲ್ಲಿನ ಗೂಡನ್ನು ಕಟ್ಟಿಕೊಳ್ಳುವುದು. ಆದರೆ ಈ ದುಡಿಮೆಗೆ ಬೇಕಾದ ಆಹಾರವನ್ನು ಅದೊಂದೇ ಗಳಿಸಲಾರದು. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಒಕ್ಕಲಿರುವುವು. ಅವು ಸೂರ್ಯನ ಬೆಳಕಿನಲ್ಲಿ ಸಕ್ಕರೆಯನ್ನು ತಯಾರಿಸಿ ಹೆಚ್ಚಿನ ಪಾಲನ್ನು ಒಡೆಯನಿಗೆ ಒಪ್ಪಿಸುತ್ತವೆ. ಅವನ ಮನೆಯ ಕಸವೇ ಅವುಗಳಿಗೆ ಗೊಬ್ಬರ. ಹವಳದ ಬಣ್ಣವೂ ಬಹುಮಟ್ಟಿಗೆ ಈ ಒಕ್ಕಲುಗಳದು. ನೀರಿನ ಉಷ್ಣವು ಬೇಸಗೆಯ ವಾಡಿಕೆಯ ಮಿತಿಯನ್ನು ಒಂದೇ ಡಿಗ್ರಿ ಮೀರಿ ಕೆಲವು ವಾರ ನಿಂತರೂ ಈ ಕರಾರು ಮುರಿದುಬೀಳುವುದು. ಪಾಚಿಗಳು ಹೊರಬೀಳುವುವು, ಹವಳವು ಎಲುಬಿನಂತೆ ಬಿಳಿಚುವುದು, ಬಿಸಿ ಬೇಗನೆ ಇಳಿಯದಿದ್ದರೆ ಹಸಿವಿನಿಂದ ಸಾಯುವುದು. ೧೯೯೮ರಲ್ಲಿ ನಮ್ಮ ಲಕ್ಷದ್ವೀಪದ ಹವಳಗಳಿಗೆ ಒದಗಿದ ಗತಿ ಇದೇ.

ಕೆಂಪು ಸಮುದ್ರವಾದರೋ ಬಿಸಿಯೂ ಹೌದು, ಉಪ್ಪೂ ಹೌದು. ವರ್ಷವಿಡೀ ಹರಿಯುವ ಒಂದು ನದಿಯೂ ಅದನ್ನು ಸೇರುವುದಿಲ್ಲ, ಮಳೆ ನಾಮಮಾತ್ರ, ಬಿಸಿಲು ಮಾತ್ರ ವರ್ಷಕ್ಕೆ ಆಳೆತ್ತರದ ನೀರನ್ನು ಹೀರಿಬಿಡುವುದು. ತೆಂಕಣ ತುದಿಯ ಬಾಬ್ ಎಲ್ ಮಂದೆಬ್ ಎಂಬ ಇಕ್ಕಟ್ಟಾದ ಜಲಸಂಧಿಯ ಮೂಲಕ ಹೊರಗಣ ಸಾಗರದ ನೀರು ಒಳಹೊಕ್ಕು ಆ ನಷ್ಟವನ್ನು ತುಂಬುತ್ತಿದೆ. ಉಳಿದ ಸಾಗರಗಳ ಸಾವಿರ ತೊಲ ನೀರಿನಲ್ಲಿ ಸುಮಾರು ೩೫ ತೊಲ ಉಪ್ಪಿದ್ದರೆ ಇದರ ಬಡಗಣ ಭಾಗದಲ್ಲಿ ೪೦ ತೊಲ. ಆದರೂ ನದಿಯಿಲ್ಲವೆಂಬ ಬಡತನವೇ ಹವಳಕ್ಕೆ ಭಾಗ್ಯವಾಯಿತು. ಕೆಸರಿಲ್ಲ, ನೀರು ಸ್ಫಟಿಕದಂತೆ ತಿಳಿ, ಬೆಳಕು ಆಳಕ್ಕೆ ಇಳಿಯುವುದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವುಂಟು. ಆದರೆ ಮಳೆಗಾಲದಲ್ಲಿ ಘಟ್ಟದ ಹೊಳೆಗಳು ತಂದು ಸುರಿಯುವ ರಾಡಿಯ ಕರಾವಳಿಯಲ್ಲಿ ಅಂತಹ ದೊಡ್ಡ ದಿಬ್ಬಗಳಿಗೆ ಎಡೆಯಿಲ್ಲ.

ಇನ್ನೂ ಸೋಜಿಗದ ಸಂಗತಿಯೊಂದುಂಟು. ಸುಮಾರು ೨೦,೦೦೦ ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರಗಳ ಮಟ್ಟವು ಸುಮಾರು ೪೦೦ ಅಡಿ ತಗ್ಗಿದ್ದಿತು. ಆಗ ತೆಂಕಣ ಬಾಗಿಲು ಹೆಚ್ಚುಕಡಮೆ ಮುಚ್ಚಿಕೊಂಡು, ಒಳಗಣ ನೀರು ಜೀವಿಗಳು ಸಹಿಸಲಾರದಷ್ಟು ಉಪ್ಪಾಯಿತು. ಮುಂದೆ ಹಿಮ ಕರಗಿ ಬಾಗಿಲು ತೆರೆದಾಗ ಹವಳದ ಮರಿಗಳು ಹಿಂದೂ ಮಹಾಸಾಗರದಿಂದ ಮತ್ತೆ ಒಳಬಂದುವು. ಅವು ದಾಟಬೇಕಾದ ತೆಂಕಣ ಭಾಗವೇ ಈ ಸಮುದ್ರದಲ್ಲಿ ಎಲ್ಲಕ್ಕಿಂತ ಬಿಸಿ. ತಾಳಲಾರದವು ಅಲ್ಲಿಯೇ ಅಳಿದು, ತಾಳಿದವುಗಳ ಸಂತಾನವು ಬಡಗಣ ತಂಪಿನಲ್ಲಿ ನೆಲಸಿತು. ಆದುದರಿಂದಲೇ ಅಕಾಬ ಕೊಲ್ಲಿಯ ಹವಳಗಳಿಗೆ ತಮ್ಮ ನೀರಿನ ಬೇಸಗೆಗಿಂತ ಎಷ್ಟೋ ಹೆಚ್ಚಿನ ಉಷ್ಣವನ್ನು ತಡೆಯುವ ಕಸುವಿದೆಯೆಂದು ಮಾವೊಜ್ ಫೈನ್ ಮತ್ತು ಸಂಗಡಿಗರು ೨೦೧೩ರಲ್ಲಿ ವಾದಿಸಿದರು. ಉಳಿದೆಡೆ ಹವಳ ಅಳಿದರೂ ಇಲ್ಲಿ ಬೀಜ ಉಳಿದೀತೆಂಬ ಆಸೆಗೆ ಇದೇ ಆಧಾರ. ಆ ಕಸುವಿಗೂ ಎಲ್ಲೆಯುಂಟು. ೨೦೨೪ರ ಬೇಸಗೆಯಲ್ಲಿ ಅಲ್ಲಿಯೂ ಹವಳಗಳು ಬಿಳಿಚಿದುದನ್ನು ಕಂಡರು.

ಬಿಸಿಯನ್ನು ಗೆದ್ದ ಹವಳವು ಎಣ್ಣೆಯನ್ನು ಗೆಲ್ಲಬಲ್ಲುದೆ? ಯೆಮನಿನ ಕರಾವಳಿಯಾಚೆ ‘ಸೇಫರ್’ ಎಂಬ ಮುದಿ ಹಡಗೊಂದು ೧೧ ಲಕ್ಷಕ್ಕೂ ಮಿಕ್ಕ ಪೀಪಾಯಿ ಕಚ್ಚಾ ಎಣ್ಣೆಯನ್ನು ಹೊತ್ತು, ಅಂತರ್ಯುದ್ಧದ ನಡುವೆ ದುರಸ್ತಿಯಿಲ್ಲದೆ ವರ್ಷಗಟ್ಟಲೆ ತುಕ್ಕು ಹಿಡಿಯುತ್ತಿದ್ದಿತು. ಸರಕಾರಗಳು ಕೊಟ್ಟ ಹಣ ಸಾಲದೆ ವಿಶ್ವಸಂಸ್ಥೆಯು ೨೦೨೨ರಲ್ಲಿ ಜನಸಾಮಾನ್ಯರಿಂದಲೂ ಚಂದಾ ಎತ್ತಿತು. ೨೦೨೩ರ ಜುಲೈ ೨೫ರಂದು ಎಣ್ಣೆಯನ್ನು ಬೇರೊಂದು ಹಡಗಿಗೆ ಬಗ್ಗಿಸಲು ತೊಡಗಿದರು. ಆಗಸ್ಟ್ ೧೧ರಂದು ಆ ಕೆಲಸ ಮುಗಿಯಿತು.