ಬಚ್ಚಲ ಫಿಟ್ಸ್‌ನಿಂದ ನಿದ್ದೆಯ ಸಾವಿನವರೆಗೆ

ಮೈಸೂರು ಸೀಮೆಯ ಹಳೆಯ ಮನೆಗಳಲ್ಲಿ ಎಣ್ಣೆನೀರೆಂದರೆ ಅರ್ಧ ದಿನದ ಕೆಲಸ. ತಲೆಗೆ ಹರಳೆಣ್ಣೆ ತಟ್ಟಿ, ಹಂಡೆಯ ಕುದಿನೀರಿಗೆ ತುಸು ತಣ್ಣೀರು ಬೆರೆಸಿ, ಚೊಂಬಿನ ಮೇಲೆ ಚೊಂಬು ನೆತ್ತಿಗೆ ಹುಯ್ಯಬೇಕು. ಹಾಗೆ ಹುಯ್ಯುವಾಗಲೇ ಕೆಲವರು ಮಂಕಾಗುತ್ತಿದ್ದರು. ನೆಟ್ಟ ನೋಟ, ಏನೇನೋ ಬಡಬಡಿಕೆ, ಕಾರಣವಿಲ್ಲದ ಭಯ. ಇನ್ನು ಕೆಲವರು ಸಾಕೆಂದರೂ ಕೇಳದೆ ನೀರು ಹುಯ್ದುಕೊಳ್ಳುತ್ತಲೇ ಹೋಗಿ, ಕೊನೆಗೆ ಕೈಕಾಲು ಸೆಟೆದು ಬೀಳುತ್ತಿದ್ದರು. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುವುದು ಮನೆಯವರಿಗೆ ತೋಚುತ್ತಿದ್ದ ದಾರಿ.

ವೈದ್ಯಲೋಕದಲ್ಲಿ ಇಂಥ ರೋಗಿಯ ವರದಿ ಮೊದಲು ಬಂದದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಿಂದ. ನಮ್ಮಲ್ಲಿ ಈ ಬಿಸಿನೀರಿನ ಫಿಟ್ಸನ್ನು ಗುರುತಿಸಿದವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ. 1968ರಲ್ಲಿ ಪ್ರಾಥಮಿಕ ವರದಿ ಬರೆದ ಅವರು 1972ರಲ್ಲಿ 60 ರೋಗಿಗಳ ವಿವರ ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ಮಂದಿಯನ್ನು ಪರಿಶೀಲಿಸಿದರು. ಬೇರೆಡೆ ಅಪರೂಪವಾದ ಈ ಕಾಯಿಲೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚೆಂಬುದು ಖಚಿತವಾಯಿತು. ಸುಡುನೀರು ಒಂದೇ ಸಮನೆ ನೆತ್ತಿಗೆ ಬೀಳುವುದು ಒಂದು ಕಾರಣವಾದರೆ, ವಂಶವಾಹಿ ಇನ್ನೊಂದು. 2009ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ನಿಮ್ಹಾನ್ಸ್ ಜೊತೆಗೂಡಿ, 10ನೇ ವರ್ಣತಂತುವಿನಲ್ಲಿ ಅದರ ನೆಲೆಯೊಂದನ್ನು ಗುರುತಿಸಿದರು.

ಅದಕ್ಕೂ ಮೊದಲೇ, ಆಗಿನ್ನೂ ಮೈಸೂರು ಜಿಲ್ಲೆಗೇ ಸೇರಿದ್ದ ಯಳಂದೂರಿನಲ್ಲಿ ಮಣಿ ಅವರ ತಂಡ ಸುಮಾರು 65 ಸಾವಿರ ಜನರ ನಡುವೆ ಮೂರ್ಛೆರೋಗಿಗಳನ್ನು ಹುಡುಕಿತು. ಕೊಟ್ಟದ್ದು ಫಿನೊಬಾರ್ಬಿಟಾಲ್ ಅಥವಾ ಫೆನಿಟಾಯಿನ್, ಎರಡೂ ಅಗ್ಗದ ಮಾತ್ರೆಗಳು. ಅವನ್ನು ಬಿಡದೆ ನುಂಗಿದ ಹಲವರಿಗೆ ಫಿಟ್ಸ್ ಹತೋಟಿಗೆ ಬಂತು. 2001ರಲ್ಲಿ ಈ ಫಲಿತಾಂಶ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಬಿಸಿನೀರಿನ ಫಿಟ್ಸ್ ಸಾಮಾನ್ಯವಾಗಿ ಪ್ರಾಣಕ್ಕೆ ಎರವಾಗುವುದಿಲ್ಲ. ಆದರೆ ಕೆಲವರಿಗೆ ಕ್ರಮೇಣ ನೀರಿನ ನೆಪವಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ. ಮೂರ್ಛೆರೋಗ ಯಾವ ಬಗೆಯದಾದರೂ ಮೈಯೆಲ್ಲ ಅದುರುವ ದೊಡ್ಡ ಫಿಟ್ಸ್ ಮರುಕಳಿಸುತ್ತಿದ್ದರೆ ಇನ್ನೊಂದು ಅಪಾಯವಿದೆ. ರಾತ್ರಿ ಉಂಡು ಮಲಗಿದವರು ಕೆಲವೊಮ್ಮೆ ಬೆಳಿಗ್ಗೆ ಏಳುವುದೇ ಇಲ್ಲ. ಶವಪರೀಕ್ಷೆಯಲ್ಲೂ ಬೇರೆ ಕಾರಣ ಸಿಗುವುದಿಲ್ಲ. ಮೂರ್ಛೆರೋಗವಿರುವ ಸಾವಿರ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಒಬ್ಬರು ಹೀಗೆ ತೀರಿಕೊಳ್ಳುತ್ತಾರೆ. ಮಕ್ಕಳಲ್ಲಿ ಸುಮಾರು 4,500ಕ್ಕೆ ಒಬ್ಬರು.

ಆ ಕೊನೆಯ ನಿಮಿಷಗಳಲ್ಲಿ ಏನಾಗುತ್ತದೆಂಬುದಕ್ಕೆ ಸುಳಿವು ಸಿಕ್ಕಿದ್ದು 2013ರಲ್ಲಿ. ಹಲವು ದೇಶಗಳ ಆಸ್ಪತ್ರೆಗಳಲ್ಲಿ ಮಿದುಳಿನ ತರಂಗ ದಾಖಲಿಸುತ್ತಿದ್ದಾಗಲೇ ಸಂಭವಿಸಿದ 16 ಸಾವುಗಳನ್ನು ತಜ್ಞರು ಒಟ್ಟಿಗೆ ಪರಿಶೀಲಿಸಿದರು. ಬಹುತೇಕ ರಾತ್ರಿ ಹೊತ್ತಿನವು. ಪೂರ್ಣ ವಿವರ ದೊರೆತ ಪ್ರಕರಣಗಳಲ್ಲಿ ಕ್ರಮ ಒಂದೇ: ದೊಡ್ಡ ಫಿಟ್ಸ್, ಅದು ನಿಂತಮೇಲೆ ಏದುಸಿರು, ಬಳಿಕ ಮಿದುಳು ಸ್ತಬ್ಧ, ಉಸಿರಾಟ ಸ್ಥಗಿತ, ಕೊನೆಗೆ ಹೃದಯ. ಬೋರಲಾಗಿ ಮಲಗಿದ್ದವರೇ ಹೆಚ್ಚು. ಕೆಲವರಲ್ಲಿ ಮಿದುಳು, ಹೃದಯ ಎರಡರ ವಿದ್ಯುತ್ ಚಟುವಟಿಕೆಯನ್ನೂ ಏರುಪೇರು ಮಾಡುವ ವಂಶವಾಹಿ ದೋಷವೂ ಕಾರಣವಿರಬಹುದು. ಕಾರಣಗಳ ಹುಡುಕಾಟ ಮುಗಿದಿಲ್ಲ. ಫಿಟ್ಸ್ ಹತೋಟಿಯಲ್ಲಿದ್ದರೆ ಅಪಾಯ ತಗ್ಗುತ್ತದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಆದ್ದರಿಂದ ‘ವಾಸಿಯಾಯಿತಲ್ಲ’ ಎಂದು ಮಾತ್ರೆ ನಿಲ್ಲಿಸಬೇಡಿ. ಬಿಸಿನೀರಿನ ಫಿಟ್ಸ್ ಇರುವವರು ತಲೆಗೆ ಉಗುರುಬೆಚ್ಚಗಿನ ನೀರನ್ನೇ ಹಾಕಿಕೊಳ್ಳಲಿ, ಬಚ್ಚಲ ಚಿಲಕ ಹಾಕದಿರಲಿ. ಫಿಟ್ಸ್ ಬಂದವರ ಕೈಗೆ ಬೀಗದಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಅದುರುವುದು ನಿಂತೊಡನೆ ಪಕ್ಕಕ್ಕೆ ಹೊರಳಿಸಿ, ಉಸಿರು ಸರಾಗವಾಗುವವರೆಗೆ ಜೊತೆಗಿರಿ. ಫಿಟ್ಸ್ ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಮುಖ್ಯವಾಗಿ, ಇಂಥ ಸಾವಿನ ಅಪಾಯ ನಮಗೆಷ್ಟಿದೆ ಎಂದು ವೈದ್ಯರನ್ನು ನೀವೇ ಕೇಳಿ. ಕೇಳಲು ಸಂಕೋಚ ಬೇಡ.