ಬೆರಳಿದ್ದರೆ ಸಾಲದು, ಎಣಿಕೆಗೆ ಭಾಷೆಯೂ ಬೇಕು



ಹುಟ್ಟಿನಿಂದಲೇ ಕಿವಿ ಕೇಳದ ಮಗು ಲೆಕ್ಕವನ್ನು ಹೇಗೆ ಕಲಿಯುತ್ತದೆ? 'ಒಂದು, ಎರಡು, ಮೂರು' ಎಂಬ ಮಾತನ್ನೇ ಕೇಳದವರ ಮನಸ್ಸಿನಲ್ಲಿ ಸಂಖ್ಯೆ ಯಾವ ರೂಪದಲ್ಲಿರುತ್ತದೆ? ಇದು ಪಂಡಿತರು ಮಾತ್ರ ಚರ್ಚಿಸಬೇಕಾದ ಪ್ರಶ್ನೆಯಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ ಸುಮಾರು 50 ಲಕ್ಷ. ದುಡಿದ ಕೂಲಿಯನ್ನು ಎಣಿಸಿಕೊಳ್ಳಲು, ಅಂಗಡಿಯಿಂದ ಸರಿಯಾದ ಚಿಲ್ಲರೆ ಪಡೆಯಲು, ಔಷಧಿಯ ಗುಳಿಗೆಗಳನ್ನು ತಪ್ಪದೆ ನುಂಗಲು ಇವರಿಗೂ ಲೆಕ್ಕ ಬೇಕು. ಲೆಕ್ಕ ತಿಳಿಯದವರನ್ನು ಮೋಸಗೊಳಿಸುವುದು ಸುಲಭ.

ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿ ಸಮೀಪದಲ್ಲಿ ಬೈರಮಂಗಲ ಎಂಬ ಊರಿದೆ. ರಾಗಿ ಮತ್ತು ರೇಷ್ಮೆಯ ಸೀಮೆ ಅದು. ಅಲ್ಲಿನ ಒಂದು ರೈತ ಕುಟುಂಬವನ್ನು ಊಹಿಸಿಕೊಳ್ಳೋಣ. ಆ ಮನೆಯ ಮಗು ನಡೆಯಲು ಕಲಿಯುವ ಮೊದಲೇ ಸಂಖ್ಯೆಗಳ ನಡುವೆ ಬೆಳೆಯುತ್ತದೆ. ರೇಷ್ಮೆಹುಳು ಎಷ್ಟನೇ ಜ್ವರಕ್ಕೆ ಬಂದಿದೆ, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ದರ ಕಿಲೋಗೆ ಎಷ್ಟಾಯಿತು ಎಂದು ಹಿರಿಯರು ಮಾತಾಡುತ್ತಿರುತ್ತಾರೆ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ 'ಲಾಭ' ಎಂದು ಹೇಳಿ, ಆಮೇಲೆ 'ಎರಡು, ಮೂರು' ಎಂದು ಮುಂದುವರಿಸುವ ವಾಡಿಕೆಯಿದೆ. ಯಾರೂ ಕೂರಿಸಿ ಪಾಠ ಮಾಡದಿದ್ದರೂ ಇದೆಲ್ಲ ಮಗುವಿನ ಕಿವಿಗೆ ಬೀಳುತ್ತದೆ. ಅದೇ ಮನೆಯ ಮಗುವಿಗೆ ಕಿವಿ ಕೇಳದಿದ್ದರೆ? ಕೈ ಕಾಣುತ್ತದೆ, ಸೇರು ಕಾಣುತ್ತದೆ, ರಾಗಿಯ ರಾಶಿ ಕಾಣುತ್ತದೆ. ಇವುಗಳನ್ನು ಒಂದಕ್ಕೊಂದು ಪೋಣಿಸುವ ಮಾತಿನ ದಾರ ಮಾತ್ರ ಕಾಣುವುದಿಲ್ಲ.

ಹುಟ್ಟಿನಿಂದ ಬಂದದ್ದು, ಭಾಷೆಯಿಂದ ಬರಬೇಕಾದದ್ದು

ಕಿವುಡ ಮಗುವಿನ ಬುದ್ಧಿಯಲ್ಲೇ ಕೊರತೆಯಿದೆ ಎಂಬ ತಪ್ಪು ಅಭಿಪ್ರಾಯ ಇನ್ನೂ ಕೆಲವರಲ್ಲಿದೆ. ಇದಕ್ಕೆ ಆಧಾರವಿಲ್ಲ. ಒಂದು, ಎರಡು, ಮೂರು ವಸ್ತುಗಳನ್ನು ಎಣಿಸದೆ ಒಂದೇ ನೋಟಕ್ಕೆ ಗುರುತಿಸುವ ಶಕ್ತಿ, ಎರಡು ರಾಶಿಗಳಲ್ಲಿ ದೊಡ್ಡದು ಯಾವುದೆಂದು ಅಂದಾಜಿಸುವ ಶಕ್ತಿ ಎಲ್ಲ ಮಕ್ಕಳಿಗೂ ಹುಟ್ಟಿನಿಂದ ಬಂದಿರುತ್ತದೆ. 2004ರಲ್ಲಿ ಇಂಗ್ಲೆಂಡಿನ ಸಂಶೋಧಕಿ ತೆರೆಜಿನ್ಯಾ ನೂನೆಸ್ ಮತ್ತು ಸಂಗಡಿಗರು ಮೂರು–ನಾಲ್ಕು ವರ್ಷದ ಮಕ್ಕಳನ್ನು ಪರೀಕ್ಷಿಸಿದರು. ಒಂದರ ನಂತರ ಒಂದರಂತೆ ತೋರಿಸಿದ ವಸ್ತುಗಳ ಸಂಖ್ಯೆಯನ್ನು ನೆನಪಿಡುವುದರಲ್ಲಿ ಕಿವುಡ ಮಕ್ಕಳು ಕೇಳುವ ಮಕ್ಕಳಿಗೆ ಸಮನಾಗಿದ್ದರು. ಒಟ್ಟಿಗೆ ಹರಡಿಟ್ಟು ತೋರಿಸಿದಾಗ ಅವರಿಗಿಂತ ಮುಂದಿದ್ದರು!

ಹಾಗಾದರೆ ಶಾಲೆಯ ಗಣಿತದಲ್ಲಿ ಇಂಥ ಮಕ್ಕಳು ಅನೇಕ ವೇಳೆ ಹಿಂದುಳಿಯುವುದೇಕೆ? ಹುಟ್ಟಿನಿಂದ ಬಂದ ಶಕ್ತಿ ಮೂರರಾಚೆಗೆ ಅಂದಾಜನ್ನಷ್ಟೇ ಕೊಡುತ್ತದೆ. ಏಳಕ್ಕೂ ಎಂಟಕ್ಕೂ ಇರುವ ಖಚಿತ ವ್ಯತ್ಯಾಸ ತಿಳಿಯಬೇಕಾದರೆ ಎಣಿಕೆಯ ಏಣಿ ಬೇಕು. ಪ್ರತಿ ಮೆಟ್ಟಿಲಿಗೂ ಒಂದು ಹೆಸರು, ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಒಂದು ಹೆಚ್ಚು, ಕೊನೆಗೆ ನಿಂತ ಮೆಟ್ಟಿಲೇ ಒಟ್ಟು ಮೊತ್ತ. ಈ ಏಣಿ ಮಾತಿನಲ್ಲಿರಬಹುದು, ಸನ್ನೆಭಾಷೆಯಲ್ಲಿರಬಹುದು, ಎರಡೂ ಒಂದೇ. ಆದರೆ ಬಹುಪಾಲು ಕಿವುಡ ಮಕ್ಕಳು ಹುಟ್ಟುವುದು ಕಿವಿ ಕೇಳುವ, ಸನ್ನೆಭಾಷೆ ಬಾರದ ತಂದೆತಾಯಿಯರಿಗೆ. ಹೀಗಾಗಿ ಮೊದಲ ವರ್ಷಗಳಲ್ಲಿ ಅವರಿಗೆ ಎರಡೂ ಏಣಿಗಳು ಸಿಗುವುದಿಲ್ಲ.

ನಾಲ್ವರ ಸಾಕ್ಷ್ಯ

ಅಂಥ ಏಣಿಯೇ ಸಿಗದೆ ದೊಡ್ಡವರಾದವರ ಲೆಕ್ಕ ಹೇಗಿರುತ್ತದೆ? ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ ನಡೆದ ಒಂದು ಅಧ್ಯಯನ ಇದಕ್ಕೆ ಉತ್ತರ ನೀಡಿತು. ಎಲಿಜಬೆತ್ ಸ್ಪೇಪೆನ್ ಮತ್ತು ಸಂಗಡಿಗರು 2011ರಲ್ಲಿ ಅದನ್ನು ಪ್ರಕಟಿಸಿದರು. ಅವರು ಮಾತನಾಡಿಸಿದ ನಾಲ್ವರು ವಯಸ್ಕ ಕಿವುಡರಿಗೆ ಯಾವ ಸನ್ನೆಭಾಷೆಯೂ ತಿಳಿದಿರಲಿಲ್ಲ; ಮನೆಯವರೊಂದಿಗೆ ತಾವೇ ರೂಢಿಸಿಕೊಂಡ ಕೈಸನ್ನೆಗಳಷ್ಟೇ ಇದ್ದವು. ನಾಲ್ವರೂ ದುಡಿಯುತ್ತಿದ್ದರು, ಹಣದ ವ್ಯವಹಾರ ಬಲ್ಲವರಾಗಿದ್ದರು. ಸಂಖ್ಯೆ ಹೇಳಲು ಬೆರಳುಗಳನ್ನೂ ತೋರಿಸುತ್ತಿದ್ದರು. ಆದರೆ ಮೂರಕ್ಕಿಂತ ಹೆಚ್ಚಾದಾಗ ಬೆರಳುಗಳ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿರುತ್ತಿತ್ತೇ ಹೊರತು ಖಚಿತವಾಗಿರುತ್ತಿರಲಿಲ್ಲ. ಅದೇ ದೇಶದ ಶಾಲೆಗೆ ಹೋಗದ, ಆದರೆ ಕಿವಿ ಕೇಳುವವರಿಗೆ ಈ ತೊಂದರೆ ಇರಲಿಲ್ಲ. ಅಮೆರಿಕದ ಸನ್ನೆಭಾಷೆ ಬಲ್ಲ ಕಿವುಡರಿಗೂ ಇರಲಿಲ್ಲ. ಎಂದರೆ ತೊಡಕು ಕಿವಿಯದಲ್ಲ, ಶಾಲೆಯದೂ ಅಲ್ಲ. ಎಣಿಸುವ ಭಾಷೆ ದೊರೆಯದಿರುವುದರದು.

ನಮ್ಮ ದನಗಳ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಒಂದು ಮಾತೂ ಇಲ್ಲ, ಆದರೂ ಸಾವಿರಗಳ ಲೆಕ್ಕ ತಪ್ಪುವುದಿಲ್ಲ. ಏಕೆಂದರೆ ಇಬ್ಬರ ಮನಸ್ಸಿನಲ್ಲೂ ಅದೇ ಏಣಿ ಮೊದಲೇ ನಿಂತಿದೆ. ಏಣಿಯಿಲ್ಲದವರ ಕೈಯಲ್ಲಿ ಅದೇ ಬೆರಳುಗಳು ಅಂದಾಜಿನ ಗುರುತುಗಳಾಗಿಯೇ ಉಳಿಯುತ್ತವೆ.

ನಮ್ಮ ನಾಡಿನ ಅಲೀಪುರ

ಕಿವುಡರಿಗೆ ಭಾಷೆಯೊಂದು ಇದ್ದರೆ ಸಂಖ್ಯೆಗಳೂ ಇರುತ್ತವೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಆನುವಂಶಿಕ ಕಾರಣದಿಂದ ನೂರಕ್ಕೂ ಹೆಚ್ಚು ಮಂದಿ ಕಿವುಡರಿರುವುದು ದಾಖಲಾಗಿದೆ. ಅಲ್ಲಿ ಊರಿನದೇ ಆದ ಸನ್ನೆಭಾಷೆಯೊಂದು ಬೆಳೆದಿದೆ. ಕಿವಿ ಕೇಳುವ ಅನೇಕರೂ ಅದನ್ನು ಬಲ್ಲರು. ಉಲ್ರಿಕೆ ಝೇಶನ್, ಸಿಬಾಜಿ ಪಂಡಾ ಮುಂತಾದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲೀಪುರದ ಸಂಖ್ಯಾಸನ್ನೆಗಳನ್ನು ಟರ್ಕಿ ಹಾಗೂ ಮೆಕ್ಸಿಕೋದ ಇಂಥದೇ ಸಮುದಾಯಗಳ ಸನ್ನೆಗಳೊಂದಿಗೆ ಹೋಲಿಸಿದ್ದಾರೆ. ಹತ್ತರ ಬದಲು ಬೇರೆ ಸಂಖ್ಯೆಯನ್ನು ಬುಡವಾಗಿಟ್ಟುಕೊಂಡು ಎಣಿಸುವ ಕ್ರಮ, ದೊಡ್ಡ ಸಂಖ್ಯೆಯಿಂದ ಕಳೆದು ಸಂಖ್ಯೆ ಹೇಳುವ ಕ್ರಮ ಮುಂತಾದ ಅಪರೂಪದ ರೀತಿಗಳು ಈ ಸಮುದಾಯಗಳ ನಡುವೆ ಕಂಡುಬಂದವು. ಕಳೆದು ಹೇಳುವುದು ನಮಗೆ ಹೊಸತೇ? ಕೊಂಕಣಿಯ 'ಎಕುಣೀಸ್' ಎಂದರೂ ಇಪ್ಪತ್ತಕ್ಕೆ ಒಂದು ಕಡಿಮೆ ಎಂದೇ ಅರ್ಥ.

ಹಿಂದಿನ ಕಾಲದ ಒಬ್ಬರನ್ನೂ ಇಲ್ಲಿ ನೆನೆಯಬೇಕು. ಫ್ರಾನ್ಸಿನ ಜಾನ್ ಮಾಸ್ಯೂ (1772–1846) ಕುರಿ ಕಾಯುತ್ತಿದ್ದ ಹುಡುಗ. ಒಡಹುಟ್ಟಿದ ಐವರೂ ಅವನಂತೆಯೇ ಕಿವುಡರು. ಬೆರಳುಗಳಲ್ಲಿ ಎಣಿಸುತ್ತಾ, ಹತ್ತು ದಾಟಿದಾಗ ಕೋಲಿನ ಮೇಲೆ ಗೀರು ಹಾಕುತ್ತಿದ್ದುದಾಗಿ ಅವರೇ ಮುಂದೆ ತಿಳಿಸಿದ್ದಾರೆ. ಧರ್ಮಗುರು ಸಿಕಾರ್ ಅವರ ಶಾಲೆಯಲ್ಲಿ ಭಾಷೆ ಕಲಿತ ಅದೇ ಹುಡುಗ ಪ್ಯಾರಿಸ್ಸಿನಲ್ಲಿ ಕಿವುಡ ಮಕ್ಕಳಿಗೆ ಅಧ್ಯಾಪಕರಾದರು.

ನಾವು ಮಾಡಬಹುದಾದದ್ದು

ಮಗು ಸದ್ದಿಗೆ ತಿರುಗಿ ನೋಡದಿದ್ದರೆ 'ನಿಧಾನವಾಗಿ ಸರಿಹೋಗುತ್ತದೆ' ಎಂದು ಕಾಯಬಾರದು. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಹಾಗೂ ತರಬೇತಿ ಎರಡೂ ಇವೆ. ಶ್ರವಣಯಂತ್ರ ಹಾಕಿಸಿದರೂ, ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿದರೂ ಅಲ್ಲಿಯವರೆಗೆ ಮಗುವನ್ನು ಭಾಷೆಯಿಲ್ಲದೆ ಇರಿಸಬಾರದು. ದೆಹಲಿಯಲ್ಲಿ 2015ರಲ್ಲಿ ಸ್ಥಾಪಿತವಾದ ಭಾರತೀಯ ಸನ್ನೆಭಾಷೆಯ ಸಂಶೋಧನಾ ಮತ್ತು ತರಬೇತಿ ಕೇಂದ್ರ 2018ರಲ್ಲಿ ತನ್ನ ಮೊದಲ ನಿಘಂಟನ್ನು ಹೊರತಂದಿದೆ. ಮನೆಮಂದಿ ಮೊದಲು ಹತ್ತು ಸಂಖ್ಯೆಗಳ ಸನ್ನೆಗಳನ್ನಾದರೂ ಕಲಿಯಲಿ. ತಟ್ಟೆ ಇಡುವಾಗ, ಮೆಟ್ಟಿಲು ಹತ್ತುವಾಗ, ಮೀನು ಕೊಳ್ಳುವಾಗ ಮಗುವಿನ ಕಣ್ಣೆದುರು ಬಳಸಲಿ.

ನಮ್ಮ ಚೆನ್ನೆಮಣೆ, ಬೈರಮಂಗಲದ ಕಡೆಯವರ ಅಳಗುಳಿಮಣೆ, ಇದಕ್ಕೆ ಹೇಳಿ ಮಾಡಿಸಿದ ಸಾಧನ. ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿಗಳು. ಆಟವೆಲ್ಲ ಕಣ್ಣಿನ ಮತ್ತು ಕೈಯ ಲೆಕ್ಕ. ಅಟ್ಟದ ಮೇಲೆ ಧೂಳು ಹಿಡಿದಿರುವ ಆ ಮಣೆಯನ್ನು ಕೆಳಗಿಳಿಸೋಣ. ಪ್ರತಿ ಕಾಯಿ ಬಿಡುವಾಗಲೂ ಸಂಖ್ಯೆಯ ಸನ್ನೆಯನ್ನು ತೋರಿಸೋಣ. ಆ ಮಗುವಿನ ಬೆರಳುಗಳು ಎಣಿಸಲು ಸಿದ್ಧವಾಗಿಯೇ ಇವೆ. ಅವಕ್ಕೆ ಹೆಸರುಗಳನ್ನು ಕೊಡಬೇಕಾದವರು ನಾವು.