ಹೊಸ ಟೈರಿನ ಮೇಲಿನ ಬಣ್ಣದ ಗುರುತುಗಳು



ಕಾರು, ಜೀಪು, ತರಕಾರಿ ಸಾಗಿಸುವ ಸಣ್ಣ ವಾಹನ, ಇವು ಈಗ ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಟೈರು ಸವೆದಾಗ ಪೇಟೆಗೆ ಹೋಗಿ ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ಹಾಕಿಸುತ್ತೇವೆ. ಆ ಹೊಸ ಟೈರಿನ ಪಕ್ಕದಲ್ಲಿ ಕಾಸಿನಗಲದ ಹಳದಿ ಅಥವಾ ಕೆಂಪು ಚುಕ್ಕೆಯನ್ನೂ, ನೆಲಕ್ಕೆ ತಾಗುವ ಭಾಗದ ಸುತ್ತ ಬಣ್ಣದ ಗೆರೆಗಳನ್ನೂ ತಾವು ನೋಡಿರಬಹುದು. ಕೆಂಪು ಚುಕ್ಕೆಯದು ಮೊದಲ ದರ್ಜೆಯ ಮಾಲು, ಹಳದಿಯದು ಎರಡನೆಯ ದರ್ಜೆ ಎಂದು ಹೇಳುವವರಿದ್ದಾರೆ. ಇದು ತಪ್ಪು. ಬಣ್ಣ ನೋಡಿ ಹೆಚ್ಚು ಬೆಲೆ ಕೊಡಬೇಡಿರಿ. ಚುಕ್ಕೆಗಳು ಇರುವುದು ಟೈರು ಕೂರಿಸುವವನ ಅನುಕೂಲಕ್ಕಾಗಿ.

ಮೊದಲು ಹಳದಿಯ ವಿಷಯ. ಟೈರೆಂಬುದು ರಬ್ಬರು, ನೂಲು, ಉಕ್ಕಿನ ತಂತಿ ಇವುಗಳ ಪದರಗಳನ್ನು ಕೂಡಿಸಿ ಮಾಡಿದ ವಸ್ತು. ಎಷ್ಟು ಜಾಗ್ರತೆ ವಹಿಸಿದರೂ ಸುತ್ತಲೂ ಒಂದೇ ತೂಕ ಬರುವುದಿಲ್ಲ. ಎಲ್ಲಕ್ಕಿಂತ ಹಗುರವಾದ ಜಾಗವನ್ನು ಕಾರ್ಖಾನೆಯಲ್ಲಿ ಯಂತ್ರದಿಂದ ಕಂಡುಹಿಡಿದು ಅಲ್ಲಿ ಹಳದಿ ಚುಕ್ಕೆ ಇಡುತ್ತಾರೆ. ಇತ್ತ ಟೈರು ಕೂರುವ ಡಿಸ್ಕಿನಲ್ಲಿ ಗಾಳಿ ಹೊಡೆಯುವ ವಾಲ್ವ್ ಇರುವ ಕಡೆ ಸಾಮಾನ್ಯವಾಗಿ ಭಾರ ಹೆಚ್ಚು. ಮನೆಯ ಸೈಕಲ್ಲಿನ ಮುಂದಿನ ಚಕ್ರವನ್ನು ಎತ್ತಿ ಹಿಡಿದು ಮೆಲ್ಲಗೆ ತಿರುಗಿಸಿ ಬಿಡಿರಿ. ಅನೇಕ ವೇಳೆ ವಾಲ್ವ್ ಇರುವ ಭಾಗವೇ ಕೆಳಗೆ ಬಂದು ನಿಲ್ಲುತ್ತದೆ. ಟೈರಿನ ಹಗುರ ಜಾಗವನ್ನು ಈ ಭಾರದ ಜಾಗಕ್ಕೆ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದುದರಿಂದ ಹಳದಿ ಚುಕ್ಕೆ ವಾಲ್ವಿನ ನೇರಕ್ಕೆ ಬರಬೇಕು.

ಕೆಂಪು ಚುಕ್ಕೆ ತೂಕಕ್ಕೆ ಸಂಬಂಧಿಸಿದುದಲ್ಲ, ದುಂಡಗಿಗೆ ಸಂಬಂಧಿಸಿದುದು. ಎತ್ತಿನ ಬಂಡಿಯ ಚಕ್ರದಲ್ಲಿ ಒಂದು ಕಡೆ ಉಬ್ಬು ಇದ್ದರೆ ಸುತ್ತಿಗೊಮ್ಮೆ ಬಂಡಿ ಕುಕ್ಕುವುದಿಲ್ಲವೇ? ಟೈರಿನಲ್ಲಿಯೂ ಕಣ್ಣಿಗೆ ಕಾಣದಷ್ಟು ಎತ್ತರವಾದ, ನೆಲವನ್ನು ಹೆಚ್ಚು ಒತ್ತುವ ಒಂದು ಜಾಗ ಇರುತ್ತದೆ. ಕೆಂಪು ಚುಕ್ಕೆ ಅಲ್ಲಿಯದು. ಕೆಲವು ಡಿಸ್ಕುಗಳಲ್ಲಿ ಎಲ್ಲಕ್ಕಿಂತ ತಗ್ಗಿರುವ ಕಡೆ ಒಂದು ಚುಕ್ಕೆಯನ್ನೋ ಚಿಕ್ಕ ಕುಳಿಯನ್ನೋ ಮಾಡಿರುತ್ತಾರೆ. ಕೆಂಪು ಚುಕ್ಕೆಯನ್ನು ಅದರ ನೇರಕ್ಕೆ ತರಬೇಕು. ಟೈರಿನಲ್ಲಿ ಎರಡು ಚುಕ್ಕೆಗಳೂ ಇದ್ದು, ಡಿಸ್ಕಿನಲ್ಲಿ ಗುರುತೂ ಇದ್ದರೆ ಕೆಂಪನ್ನೇ ಅನುಸರಿಸಬೇಕು. ಡಿಸ್ಕಿನಲ್ಲಿ ಗುರುತಿಲ್ಲದಿದ್ದರೆ ಹಳದಿಯನ್ನು ವಾಲ್ವಿಗೆ ಹೊಂದಿಸಿದರೆ ಸಾಕು. ಯಾವ ಚುಕ್ಕೆಯೂ ಇಲ್ಲದ ಟೈರುಗಳೂ ಬರುತ್ತವೆ. ಅದು ದೋಷವಲ್ಲ.

ಚುಕ್ಕೆ ಸರಿಯಾಗಿ ಬಂದಿತೆಂದು ಬ್ಯಾಲೆನ್ಸಿಂಗ್ ಬಿಡಕೂಡದು. ಚಕ್ರವನ್ನು ಯಂತ್ರಕ್ಕೆ ಹಾಕಿ ತಿರುಗಿಸಿ, ಬೇಕಾದ ಕಡೆ ಲೋಹದ ಸಣ್ಣ ತುಂಡು ಅಂಟಿಸುವ ಕೆಲಸ ಅದು. ಚುಕ್ಕೆ ಹೊಂದಿಸಿದ್ದರೆ ತುಂಡುಗಳು ಕಡಿಮೆ ಸಾಕು. ಈ ಕೆಲಸ ಬಿಟ್ಟರೆ ವೇಗ ಹೆಚ್ಚಿದಾಗ ಸ್ಟಿಯರಿಂಗ್ ನಡುಗಬಹುದು, ಟೈರು ಒಂದೊಂದು ಕಡೆ ಬೇಗ ಸವೆಯಬಹುದು. ನಷ್ಟ ನಮ್ಮದೇ.

ಸುತ್ತಲಿನ ಬಣ್ಣದ ಗೆರೆಗಳು ಕಾರ್ಖಾನೆಯಲ್ಲಿ, ಗೋದಾಮಿನಲ್ಲಿ ಟೈರುಗಳನ್ನು ಬೇಗ ಗುರುತಿಸಲು ಹಾಕಿದವು. ನಮ್ಮ ಜಾತ್ರೆಯಲ್ಲಿ ಕುರಿಗೆ ಬಣ್ಣ ಹಚ್ಚಿದ ಹಾಗೆ. ಸ್ವಲ್ಪ ದೂರ ಓಡಿದರೆ ತಾವೇ ಅಳಿಸಿಹೋಗುತ್ತವೆ.

ಕೊಳ್ಳುವಾಗ ಮುಖ್ಯವಾಗಿ ನೋಡಬೇಕಾದುದು ಬಣ್ಣವನ್ನಲ್ಲ, ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳನ್ನು. ಡಿ.ಓ.ಟಿ. ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯಲ್ಲಿ ಅವು ಇರುತ್ತವೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. 2000ದಿಂದ ಈಚೆಗೆ ಹೀಗೆ ನಾಲ್ಕು ಅಂಕಿಗಳ ಪದ್ಧತಿ ಬಂದಿದೆ. ರಬ್ಬರು ಓಡದೆ ಇದ್ದರೂ ವರ್ಷ ಕಳೆದಂತೆ ಗಡುಸಾಗುತ್ತದೆ, ಬಿರುಕು ಬಿಡುತ್ತದೆ. ಕಪ್ಪು ಪಾಲಿಶು ಹಚ್ಚಿದರೆ ಹಳೆಯ ಸರಕೂ ಹೊಳೆಯುತ್ತದೆ, ಆದರೆ ಅಂಕಿ ಬದಲಾಗದು. ಕೆಲವು ಟೈರುಗಳಲ್ಲಿ ಈ ಅಂಕಿ ಒಂದೇ ಪಕ್ಕದಲ್ಲಿರುತ್ತದೆ. ಅದು ಗಾಡಿಯ ಒಳಮುಖಕ್ಕೆ ಬಂದರೆ ಆಮೇಲೆ ನೋಡುವುದು ಕಷ್ಟ. ಆದುದರಿಂದ ಕೂರಿಸುವ ಮೊದಲೇ ಟೈರನ್ನು ಹೊರಳಿಸಿ ಓದಿರಿ, ಕೂರಿಸುವಾಗ ಬಳಿಯಲ್ಲಿ ನಿಂತು ಚುಕ್ಕೆ ಎಲ್ಲಿ ಬಂದಿತೆಂದು ನೋಡಿರಿ, ಬಳಿಕ ಹಣ ಕೊಡಿರಿ. ಹಾಗೆಯೇ ಗಾಡಿಯಲ್ಲಿರುವ ಸ್ಟೆಪ್ನಿಯ ಅಂಕಿಯನ್ನೂ ಈ ವಾರ ಒಮ್ಮೆ ಓದಿ ನೋಡಿರಿ. ಒಮ್ಮೆಯೂ ನೆಲ ಮುಟ್ಟದೆ ಮುದಿಯಾಗುವ ಟೈರು ಅದೊಂದೇ.